ಅರವತ್ತಮೂರರಲ್ಲಿ ಮಧುಗಿರಿ ಬೆಟ್ಟ: ಒಂದು ಪ್ರಕರಣ ಅಧ್ಯಯನ

ತುಮಕೂರು ಸೀಮೆಯಲ್ಲಿ ಬೆಟ್ಟಗಳಿಗೆ ಬರವಿಲ್ಲ. ಊರಿನ ಹತ್ತಿರವೇ ಮಂದರಗಿರಿ, ಸ್ವಲ್ಪ ದೂರದಲ್ಲಿ ದೇವರಾಯನದುರ್ಗ, ಕೊರಟಗೆರೆ ಕಡೆಗೆ ಹೋದರೆ ಸಿದ್ದರಬೆಟ್ಟ ಮತ್ತು ಚನ್ನರಾಯನದುರ್ಗ, ಇನ್ನೂ ಮುಂದೆ ಮಧುಗಿರಿ. ನಿವೃತ್ತಿಯಾದ ಮೇಲೆ ಇವನ್ನೆಲ್ಲ ಹತ್ತಬೇಕೆಂದು ಆಸೆಪಡುವವರು ಈಚೆಗೆ ಹೆಚ್ಚುತ್ತಿದ್ದಾರೆ. ಅಂಥವರ ಜೊತೆ ಭಾನುವಾರಗಳಂದು ನಡೆಯುವ ಸಣ್ಣ ಗುಂಪೊಂದನ್ನು ನಾನು ನೋಡಿಕೊಳ್ಳುತ್ತೇನೆ. ಇದು ಆ ಗುಂಪಿನ ಒಬ್ಬರ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ದುಡಿದ ಶಾಲೆ, ಮನೆಯಿರುವ ಬಡಾವಣೆ ಯಾವುದನ್ನೂ ಹೇಳುವುದಿಲ್ಲ. ಗುಂಪಿನವರೆಲ್ಲ ಕರೆಯುವಂತೆ ಟೀಚರ್ ಎಂದಷ್ಟೇ ಕರೆಯುತ್ತೇನೆ.

ಈ ಪ್ರಕರಣದಲ್ಲಿ ಯಾರೂ ಆಸ್ಪತ್ರೆ ಸೇರಲಿಲ್ಲ, ಮೂಳೆ ಮುರಿಯಲಿಲ್ಲ. ಆದರೆ ಎರಡು ಸಲ ಆಗಬಹುದಾಗಿತ್ತು. ಯಾಕೆ ಆಗಲಿಲ್ಲ ಎಂಬುದರ ಉತ್ತರ ಬೆಟ್ಟದ ಮೇಲಿಗಿಂತ ಹೆಚ್ಚಾಗಿ ಕೆಳಗಿತ್ತು. ಊಟದ ಮನೆಯಲ್ಲಿ, ಮಾತ್ರೆಯ ಡಬ್ಬದಲ್ಲಿ, ಬೀರುವಿನ ಮೇಲಿಟ್ಟ ಬೂಟಿನ ಪೆಟ್ಟಿಗೆಯಲ್ಲಿ.

ಹಿನ್ನೆಲೆ

ಟೀಚರ್ ಹುಟ್ಟಿ ಬೆಳೆದದ್ದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಶಾಲೆಯ ಅಂಗಳದಲ್ಲಿ ನಿಂತರೆ ಬೆಟ್ಟ ಕಾಣುತ್ತಿತ್ತು. ಸಮುದ್ರಮಟ್ಟದಿಂದ ಸುಮಾರು 3,930 ಅಡಿ ಎತ್ತರದ, ಏಷ್ಯಾದ ಎರಡನೆಯ ಅತಿ ದೊಡ್ಡ ಏಕಶಿಲೆ ಎಂದು ಜನ ಹೆಮ್ಮೆಯಿಂದ ಹೇಳುವ ಬೆಟ್ಟ ಅದು. ಹೈಸ್ಕೂಲಿನ ಹುಡುಗರನ್ನು ಮೇಷ್ಟ್ರು ಕೋಟೆಗೆ ಹತ್ತಿಸುತ್ತಿದ್ದರು. ಹುಡುಗಿಯರನ್ನು ದಂಡಿನ ಮಾರಮ್ಮನ ಗುಡಿಯವರೆಗೆ ಕರೆದೊಯ್ದು ವಾಪಸ್ ತರುತ್ತಿದ್ದರು. ಮದುವೆ, ನೌಕರಿ, ವರ್ಗಾವಣೆ, ಮಕ್ಕಳು ಎಲ್ಲ ಮುಗಿಸಿ ಅರವತ್ತಕ್ಕೆ ನಿವೃತ್ತರಾದಾಗ ಉಳಿದ ಆಸೆಗಳ ಪಟ್ಟಿಯಲ್ಲಿ ಆ ಬೆಟ್ಟವೇ ಮೊದಲಿತ್ತು.

ಗುಂಪಿಗೆ ಬಂದಾಗ ಅವರಿಗೆ ಅರವತ್ತೆರಡು ತುಂಬಿ ಕೆಲವು ತಿಂಗಳಾಗಿತ್ತು. ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇದೆ. ಅದಕ್ಕೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ. ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್. ಬಲ ಮೊಣಕಾಲಿನಲ್ಲಿ ಆರಂಭದ ಸವೆತ. ಹತ್ತಿರಕ್ಕೂ ದೂರಕ್ಕೂ ಒಂದೇ ಗಾಜಿನಲ್ಲಿ ಪವರ್ ಇರುವ ಪ್ರೊಗ್ರೆಸಿವ್ ಕನ್ನಡಕ. ದಿನಾ ಬೆಳಿಗ್ಗೆ ಅಮಾನಿಕೆರೆಯ ಸುತ್ತ ಒಂದು ಗಂಟೆ ಬಿರುಸಾಗಿ ನಡೆಯುತ್ತಿದ್ದರು. "ನಡಿಗೆಯಲ್ಲಿ ನನ್ನನ್ನು ಹಿಂದೆ ಹಾಕುವವರು ಕಡಿಮೆ" ಎಂದು ಮೊದಲ ದಿನವೇ ಹೇಳಿದ್ದರು. ಅದು ನಿಜವೂ ಆಗಿತ್ತು.

ಹತ್ತಿದ್ದು ಸಲೀಸು, ಇಳಿದದ್ದು ಕಷ್ಟ

ಹೊಸಬರನ್ನು ನಾವು ಮೊದಲು ಮಂದರಗಿರಿಗೆ ಕರೆದೊಯ್ಯುತ್ತೇವೆ. ಬಂಡೆಯಲ್ಲೇ ಕಡಿದ ನಾನೂರಕ್ಕೂ ಹೆಚ್ಚು ಮೆಟ್ಟಿಲು, ಮೇಲೆ ಜೈನ ಬಸದಿಗಳು. ಎಲ್ಲಿ ಬೇಕಾದರೂ ಕುಳಿತು ಹಿಂದಿರುಗಬಹುದು. ಟೀಚರ್ ಅಲ್ಲಿ ಎಲ್ಲರಿಗಿಂತ ಮುಂದೆ ಹತ್ತಿದರು. ಇಳಿಯುವಾಗ ಅರ್ಧ ದಾರಿಗೇ ತೊಡೆ ನಡುಗತೊಡಗಿತು. ಮುಂದಿನ ಎರಡು ದಿನ ಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂರಲಾಗದೆ, ಕುಳಿತರೆ ಏಳಲಾಗದೆ ಒದ್ದಾಡಿದರು.

ನಲವತ್ತರ ನಂತರ ಬೆಟ್ಟಕ್ಕೆ ಬರುವವರು ಕಡೆಗಣಿಸುವ ಮುಖ್ಯ ಸಂಗತಿ ಇದು. ಹತ್ತುವಾಗ ಎದೆಗೆ ಕೆಲಸ ಹೆಚ್ಚು, ಇಳಿಯುವಾಗ ತೊಡೆಗೆ. ಇಳಿಯುವ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆದುಕೊಂಡೇ ಉದ್ದವಾಗುತ್ತಾ ಹೋಗುತ್ತದೆ. ರೂಢಿಯಿಲ್ಲದ ಸ್ನಾಯುವಿನ ಎಳೆಗಳಿಗೆ ಇದರಿಂದ ಸಣ್ಣ ಪೆಟ್ಟಾಗುತ್ತದೆ. ಮರುದಿನದಿಂದ ಶುರುವಾಗುವ ಆ ನೋವು ಒಂದೆರಡು ದಿನ ಏರಿ ಆಮೇಲೆ ಇಳಿಯುತ್ತದೆ. ಅಮಾನಿಕೆರೆಯ ದಾರಿ ಸಮತಟ್ಟು. ಅಲ್ಲಿ ವರ್ಷಗಟ್ಟಲೆ ನಡೆದರೂ ಈ ಕೆಲಸ ಸ್ನಾಯುವಿಗೆ ಬೀಳುವುದೇ ಇಲ್ಲ. ಮೂವತ್ತು ದಾಟಿದ ಮೇಲೆ ಪ್ರತಿ ದಶಕದಲ್ಲೂ ಸ್ನಾಯುವಿನ ಪ್ರಮಾಣ ಶೇ 3ರಿಂದ 8ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ, ಅರವತ್ತರ ನಂತರ ಅದು ಇನ್ನೂ ಚುರುಕಾಗುತ್ತದೆ. ಸಮಾಧಾನದ ಮಾತೆಂದರೆ, ಒಂದು ಸಲ ಇಳಿದು ನೋವು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟಾಗಿ ನೋಯುವುದಿಲ್ಲ. ಆದ್ದರಿಂದ ತಯಾರಿ ಎಂದರೆ ಇಳಿಯುವ ತಯಾರಿಯೂ ಆಗಿರಬೇಕು.

ಟೀಚರ್ ಇದನ್ನು ಮನಸ್ಸಿಗೆ ತೆಗೆದುಕೊಂಡರು. ಮನೆಯ ಹೊಸ್ತಿಲ ಮುಂದಿನ ತಗ್ಗು ಮೆಟ್ಟಿಲ ಮೇಲೆ ನಿಂತು, ಗೋಡೆಗೆ ಕೈಯೂರಿ, ಒಂದು ಕಾಲನ್ನು ನಿಧಾನವಾಗಿ ಕೆಳಗಿಳಿಸಿ ಹಿಮ್ಮಡಿ ನೆಲಕ್ಕೆ ತಾಗಿದೊಡನೆ ಮತ್ತೆ ಮೇಲಕ್ಕೆತ್ತುವ ಅಭ್ಯಾಸ ಶುರುವಾಯಿತು. ದಿನ ಬಿಟ್ಟು ದಿನ, ಎರಡೂ ಕಾಲಿಗೆ. ಮೊಣಕಾಲು ಒಳಕ್ಕೆ ವಾಲದಂತೆ ನೋಡಿಕೊಳ್ಳುವುದು ಮುಖ್ಯವೆಂದು ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟಿದ್ದರು. ವಾರಕ್ಕೊಮ್ಮೆ ಮಂದರಗಿರಿ. ಬಲ ಮೊಣಕಾಲಿನ ನೋವು ಹೆಚ್ಚುವ ಬದಲು ಕಡಿಮೆಯಾದದ್ದು ಅವರಿಗೇ ಆಶ್ಚರ್ಯ ತಂದಿತು.

ಆ ಮೆಟ್ಟಿಲುಗಳ ಮೇಲೆಯೇ ಇನ್ನೊಂದು ವಿಷಯ ಗೊತ್ತಾಯಿತು. ಇಳಿಯುವಾಗ ಅವರು ಗದ್ದವನ್ನು ಎದೆಗೆ ಒತ್ತಿಕೊಂಡು, ಕನ್ನಡಕದ ಮೇಲಿನ ಭಾಗದಿಂದ ಹೆಜ್ಜೆ ಹುಡುಕುತ್ತಿದ್ದರು. ಪ್ರೊಗ್ರೆಸಿವ್ ಗಾಜಿನ ಕೆಳಭಾಗ ಓದುವುದಕ್ಕೆಂದು ಮಾಡಿದ್ದು. ಅದರ ಮೂಲಕ ನೋಡಿದರೆ ಕಾಲಬುಡದ ಮೆಟ್ಟಿಲು ಮಸುಕಾಗುತ್ತದೆ, ಅಂಚು ಎಲ್ಲಿ ಮುಗಿಯುತ್ತದೆಂದು ತಿಳಿಯುವುದಿಲ್ಲ. ದೂರದೃಷ್ಟಿಯ ಪವರ್ ಮಾತ್ರ ಇರುವ ಇನ್ನೊಂದು ಕನ್ನಡಕವನ್ನು ಬೆಟ್ಟಕ್ಕೆಂದೇ ಮಾಡಿಸಿದರು. ಅಷ್ಟು ಸಣ್ಣ ಖರ್ಚಿನಲ್ಲಿ ಇಳಿಜಾರಿನ ಅರ್ಧ ಭಯ ಹೋಯಿತು.

ಸಿದ್ದರಬೆಟ್ಟದಲ್ಲಿ

ಮೊದಲ ಗಂಡಾಂತರ ಬಂದದ್ದು ದೀಪಾವಳಿಯ ನಂತರ, ಸಿದ್ದರಬೆಟ್ಟದಲ್ಲಿ. ಗಿಡಮೂಲಿಕೆಗಳಿಗೆ ಹೆಸರಾದ ಬೆಟ್ಟ ಅದು. ಮೇಲೆ ಗುಹೆಯೊಳಗೆ ಸಿದ್ದೇಶ್ವರನ ಗುಡಿ. ಆ ದಿನ ಟೀಚರ್ ಜೊತೆ ಅವರ ಮೈದುನರೂ ಬಂದಿದ್ದರು. ಐವತ್ತೆಂಟು ವರ್ಷ, ಗಟ್ಟಿ ಆಳು, ಹುರುಪಿನ ಮನುಷ್ಯ. ಮಗ ಬೆಂಗಳೂರಿನಿಂದ ತಂದುಕೊಟ್ಟ ಸ್ಮಾರ್ಟ್ ವಾಚು ಟೀಚರ್ ಕೈಯಲ್ಲಿತ್ತು. ಅದರಲ್ಲಿ ನಾಡಿಮಿಡಿತ ನೋಡಿ ಹೇಳುವ ಕೆಲಸವನ್ನು ಮೈದುನರು ವಹಿಸಿಕೊಂಡಿದ್ದರು.

ಅರ್ಧ ದಾರಿಯಲ್ಲಿ ಟೀಚರ್ ಕುಳಿತರು. ತಣ್ಣನೆಯ ಗಾಳಿ ಬೀಸುತ್ತಿದ್ದರೂ ಕತ್ತಿನ ಹಿಂಭಾಗ, ರವಿಕೆಯ ಬೆನ್ನು ತೊಯ್ದಿತ್ತು. ನೀರು ಕೊಡಲು ಬಂದ ಹುಡುಗನ ಮೇಲೆ ಕಾರಣವಿಲ್ಲದೆ ರೇಗಿದರು. ಮೂವತ್ತು ವರ್ಷ ಮಕ್ಕಳ ಜೊತೆ ಕಳೆದ, ದನಿ ಎತ್ತಿದ್ದನ್ನು ನಾವು ಕೇಳಿಯೇ ಇರದ ಹೆಂಗಸು ಅವರು. ಮೈದುನರು ವಾಚು ನೋಡಿ, "ನಾಡಿ ಎಂಬತ್ತೆಂಟೇ ಇದೆ ಅತ್ತಿಗೆ. ಹೃದಯ ಆರಾಮವಾಗಿದೆ. ಬರೀ ಸುಸ್ತು, ಸ್ವಲ್ಪ ಕುಳಿತರೆ ಹೋಗುತ್ತದೆ" ಎಂದರು.

ಗುಂಪಿನಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ. ಅವರು ವಾಚಿನ ಕಡೆ ನೋಡಲಿಲ್ಲ. "ಬೆಳಿಗ್ಗೆ ಏನು ತಿಂದಿರಿ?" ಎಂದು ಕೇಳಿದರು.

"ದರ್ಶನ ಆಗಲಿ, ಆಮೇಲೆ."

"ಮಾತ್ರೆ?"

"ಅದನ್ನು ಒಂದು ದಿನವೂ ತಪ್ಪಿಸುವುದಿಲ್ಲ."

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ನರ್ಸಮ್ಮ ತಮ್ಮ ಚೀಲದಲ್ಲಿದ್ದ ಗ್ಲೂಕೋಮೀಟರಿನಿಂದ ಪರೀಕ್ಷಿಸಿದಾಗ ಸಕ್ಕರೆ 54ಕ್ಕೆ ಇಳಿದಿತ್ತು. 70ಕ್ಕಿಂತ ಕಡಿಮೆಯಾದರೆ ಎಚ್ಚರ ವಹಿಸಬೇಕು. ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿದರು. ಹದಿನೈದು ನಿಮಿಷ ಕಾದು ಮತ್ತೆ ನೋಡಿದರು. 68. ಇನ್ನೊಮ್ಮೆ ಕುಡಿಸಿದರು. ಏರಿದ ಮೇಲೆ ಚಪಾತಿ, ಬಾಳೆಹಣ್ಣು ಕೊಟ್ಟರು. ಅರ್ಧ ಗಂಟೆಯಲ್ಲಿ ಟೀಚರ್ ಮೊದಲಿನಂತಾದರು. ರೇಗಿದ್ದು ಅವರಿಗೆ ನೆನಪೂ ಇರಲಿಲ್ಲ.

ಇಲ್ಲಿ ತೆಗೆದುಕೊಂಡ ತೀರ್ಮಾನ ಗಮನಿಸಬೇಕಾದದ್ದು. ಟೀಚರಿಗೆ ಮೇಲೆ ಹೋಗಿ ದರ್ಶನ ಮಾಡಿಯೇ ಬರುವ ಮನಸ್ಸು. ಮೈಯೂ ಹಗುರವಾಗಿತ್ತು. ನರ್ಸಮ್ಮ ಖಂಡಿತ ಬೇಡವೆಂದರು. ಗ್ಲಿಮೆಪಿರೈಡ್ ಕೆಲಸ ಮಾಡುವುದು ಒಂದೆರಡು ಗಂಟೆಯಲ್ಲ. ಬೆಳಿಗ್ಗೆ ನುಂಗಿದ ಮಾತ್ರೆ ದಿನವಿಡೀ ಸಕ್ಕರೆಯನ್ನು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಒಮ್ಮೆ ಏರಿಸಿದ್ದು ಮತ್ತೆ ಇಳಿಯಬಹುದು, ಅದರ ಮೇಲೆ ಬೆಟ್ಟ ಹತ್ತುವ ಶ್ರಮ ಬೇರೆ. ಎಲ್ಲರೂ ಅಲ್ಲಿಂದಲೇ ಕೈಮುಗಿದು ಇಳಿದೆವು.

ವಾಚು ಹೇಳಿದ್ದು ಸುಳ್ಳೇ? ಸುಳ್ಳಲ್ಲ. ನಾಡಿ ನಿಜವಾಗಿಯೂ ಅಷ್ಟೇ ಇತ್ತು. ಸಕ್ಕರೆ ಇಳಿದಾಗ ಎದೆ ಬಡಿದುಕೊಳ್ಳುವುದು, ಕೈ ನಡುಗುವುದು ದೇಹ ಕೊಡುವ ಮುನ್ಸೂಚನೆ. ರಕ್ತದೊತ್ತಡಕ್ಕೆ ಅವರು ತೆಗೆದುಕೊಳ್ಳುವ ಮೆಟೊಪ್ರೊಲಾಲ್ ಹೃದಯದ ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಜಾತಿಯದು. ಅದು ಆ ಸೂಚನೆಗಳನ್ನೂ ಅಡಗಿಸಿಬಿಡುತ್ತದೆ. ಅಡಗದೆ ಉಳಿಯುವುದು ಬೆವರು. ಸಿಡುಕು, ಗಲಿಬಿಲಿ ಕೂಡ ಕಾಣಿಸಿಕೊಳ್ಳಬಹುದು. ಇಂಥ ಮಾತ್ರೆ ತೆಗೆದುಕೊಳ್ಳುವ ಹಿರಿಯರ ವಿಷಯದಲ್ಲಿ ನಾಡಿಯ ಅಂಕಿ ನೋಡಿ ಶ್ರಮ ಅಳೆಯುವುದು ಅಪಾಯ. ಮಾತನಾಡುತ್ತಾ ಹತ್ತಲು ಆಗುತ್ತಿದೆಯೇ, ವಾಕ್ಯದ ನಡುವೆ ಉಸಿರು ಕಟ್ಟುತ್ತಿದೆಯೇ ಎಂದು ನೋಡುವುದೇ ಸರಿಯಾದ ಅಳತೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಕಡೆ ಬೆಟ್ಟವೆಂದರೆ ದೇವರು. ತುದಿಯಲ್ಲಿ ಗುಡಿಯಿಲ್ಲದ ಬೆಟ್ಟ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಹಿರಿಯರು ಬೆಟ್ಟಕ್ಕೆ ಹೊರಡುವುದೇ ಖಾಲಿ ಹೊಟ್ಟೆಯಲ್ಲಿ, ಸ್ನಾನ ಮಾಡಿ, ಮಾತ್ರೆಯನ್ನು ಮಾತ್ರ ಮರೆಯದೆ ನುಂಗಿ. ಆ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಎಪ್ಪತ್ತು ದಾಟಿದವರು ಕೋಲೂರಿಕೊಂಡು ದೇವರಾಯನದುರ್ಗದ ಮೆಟ್ಟಿಲು ಹತ್ತಿ ಯೋಗಾನರಸಿಂಹನ ಮುಂದೆ ನಿಲ್ಲುವುದನ್ನು ನೋಡಿದವರಿಗೆ ಆ ಬಲ ಎಲ್ಲಿಂದ ಬರುತ್ತದೆಂದು ತಿಳಿದಿರುತ್ತದೆ. ಆದರೆ ಖಾಲಿ ಹೊಟ್ಟೆ, ಸಕ್ಕರೆ ಇಳಿಸುವ ಮಾತ್ರೆ, ಏರುದಾರಿ ಈ ಮೂರೂ ಒಟ್ಟಿಗೆ ಸೇರಬಾರದು. ಟೀಚರ್ ಮನೆಯಲ್ಲಿ ಇದನ್ನು ಬಗೆಹರಿಸಿದ್ದು ಅವರ ಅತ್ತೆ. ಎಂಬತ್ತು ದಾಟಿದ, ಎಲ್ಲ ವ್ರತಗಳನ್ನೂ ಚಾಚೂ ತಪ್ಪದೆ ಮಾಡುವ ಹಿರಿಜೀವ. "ಔಷಧಿಯ ಜೊತೆ ತಿಂದದ್ದಕ್ಕೆ ದೋಷವಿಲ್ಲ, ತಿಂದುಕೊಂಡೇ ಹೋಗಮ್ಮ" ಎಂದರು. ವೈದ್ಯರು ಹೇಳಿದ್ದರೂ ಅಷ್ಟು ಬೇಗ ಒಪ್ಪುತ್ತಿರಲಿಲ್ಲವೇನೋ.

ಮರುದಿನವೇ ಟೀಚರ್ ತಮ್ಮ ವೈದ್ಯರನ್ನು ಕಂಡರು. ಬೆಟ್ಟ ಹತ್ತುವ ದಿನ ಮಾತ್ರೆಯ ಪ್ರಮಾಣ ಮತ್ತು ಹೊತ್ತನ್ನು ವೈದ್ಯರು ಬದಲಿಸಿಕೊಟ್ಟರು. ಅದು ಅವರೊಬ್ಬರಿಗೆ ಹೇಳಿದ್ದಾದ್ದರಿಂದ ಇಲ್ಲಿ ಬರೆಯುವುದಿಲ್ಲ. ತಮ್ಮ ತಮ್ಮ ವೈದ್ಯರನ್ನೇ ಕೇಳಬೇಕು. ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಆಯಿತು. ಜೊತೆಗೆ ಅಂಗಾಲಿನ ಸ್ಪರ್ಶ ಪರೀಕ್ಷೆಯನ್ನೂ ಮಾಡಿದರು. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಪಾದದ ನರಗಳು ಜಡವಾಗಿ, ಮುಳ್ಳು ಚುಚ್ಚಿದರೂ ಬಿಸಿ ತಾಗಿದರೂ ಗೊತ್ತಾಗದೆ ಹೋಗಬಹುದು. ಟೀಚರ್ ಪಾದದ ಸ್ಪರ್ಶ ಚೆನ್ನಾಗಿತ್ತು. ಈ ಪರೀಕ್ಷೆ ಮುಂದೆ ಮಧುಗಿರಿಯ ಬಂಡೆಯ ಮೇಲೆ ಎಷ್ಟು ಉಪಯೋಗಕ್ಕೆ ಬಂದೀತೆಂದು ಆಗ ಯಾರಿಗೂ ಅಂದಾಜಿರಲಿಲ್ಲ.

ಮಧುಗಿರಿ, ಮೊದಲ ಸಲ

ಹೋದದ್ದು ಡಿಸೆಂಬರ್ ಕೊನೆಯ ಭಾನುವಾರ. ಮಧುಗಿರಿ ಕೋಟೆ ಕಟ್ಟಿಸಿದವನು ಸ್ಥಳೀಯ ಪಾಳೆಯಗಾರ ರಾಜಾ ಹಿರೇಗೌಡ, ಮುಂದೆ ಹೈದರಾಲಿಯ ಕಾಲದಲ್ಲಿ ಅದು ಇನ್ನಷ್ಟು ಬಲವಾಯಿತು. ಕೆಳಗೆ ಮೆಟ್ಟಿಲುಗಳೂ ಬಾಗಿಲುಗಳೂ ಇವೆ. ಮೇಲೇರುತ್ತಾ ಹೋದಂತೆ ಮೆಟ್ಟಿಲು ಮುಗಿದು ಬರೀ ಬಂಡೆ. ಅದರಲ್ಲಿ ಕಾಲಿಡುವಷ್ಟೇ ಕಡಿದ ಗುರುತುಗಳು, ಕೆಲವು ಕಡೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಕೈಗೋಲು ಅಲ್ಲಿ ನೆರವಿಗಿಂತ ತೊಡಕು. ಅದನ್ನು ಮಡಚಿ ಬೆನ್ನಿಗೆ ಕಟ್ಟಿ ಎರಡೂ ಕೈ ಖಾಲಿ ಇಟ್ಟುಕೊಳ್ಳಬೇಕು.

ಹಿಂದಿನ ದಿನ ಟೀಚರ್ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಸೊಸೆಯ ಕೈಗೆ ಕೊಟ್ಟಿದ್ದರು: ಯಾರು ಯಾರು ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಹತ್ತಲು ಶುರು, ಹತ್ತು ಗಂಟೆಗೆ ಎಲ್ಲಿದ್ದರೂ ತಿರುಗಿ ಇಳಿಯುತ್ತೇವೆ, ಮಧ್ಯಾಹ್ನ ಒಂದಕ್ಕೂ ಫೋನ್ ಬರದಿದ್ದರೆ 112ಕ್ಕೆ ಕರೆ ಮಾಡಬೇಕು. ಮೂರನೆಯ ಸಾಲು ಗುಂಪಿನ ನಿಯಮ. ಹೊತ್ತೇರಿದ ಮೇಲೆ ಬಂಡೆ ಕಾಯುತ್ತದೆ, ನೆರಳು ಸಿಗುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ.

ಭಾನುವಾರವಾದ್ದರಿಂದ ಕಾಲೇಜು ಹುಡುಗರ ದಂಡೇ ಬಂದಿತ್ತು. ಕಂಬಿಯ ಬಳಿ ಒಬ್ಬರಾದ ಮೇಲೆ ಒಬ್ಬರು ಹೋಗಬೇಕು. ಅಲ್ಲಿ ನಿಂತು ನಿಂತು ಸಮಯ ಹೋಯಿತು. ಕೊನೆಯ ಬಾಗಿಲು ದಾಟಿ, ಬಯಲು ಬಂಡೆಯ ಏರು ಕಣ್ಣೆದುರಿಗೆ ಬಂದಾಗ ಹತ್ತಾಗಲು ಐದು ನಿಮಿಷವಿತ್ತು. ತುದಿಯ ಗೋಪಾಲಕೃಷ್ಣನ ಪಾಳುಗುಡಿ ಅರ್ಧ ಗಂಟೆಯ ದಾರಿ.

"ಇನ್ನೇನು ಇಲ್ಲೇ ಇದೆ ಅತ್ತಿಗೆ. ಇಷ್ಟು ದೂರ ಬಂದು ಹಾಗೇ ಹೋಗುವುದೇ? ಅರ್ಧ ಗಂಟೆ ಮನಸ್ಸು ಮಾಡಿ" ಎಂದರು ಮೈದುನರು. ಮೇಲಿಂದ ಇಳಿಯುತ್ತಿದ್ದ ಹುಡುಗರೂ "ಬನ್ನಿ ಅಜ್ಜಿ, ಆಗುತ್ತದೆ" ಎಂದು ಹುರಿದುಂಬಿಸಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ.

ಟೀಚರ್ ಸ್ವಲ್ಪ ಹೊತ್ತು ಬಂಡೆಯನ್ನೇ ನೋಡಿದರು. ನೀರಿನ ಬಾಟಲಿಯನ್ನು ಬಿಸಿಲಿಗೆ ಹಿಡಿದು ಎಷ್ಟಿದೆ ನೋಡಿದರು. ನಂತರ, "ಹತ್ತಲು ಆಗುತ್ತದೆ. ಇಳಿಯುವಾಗ ತೊಡೆಯಲ್ಲಿ ಎಷ್ಟು ಶಕ್ತಿ ಉಳಿದಿರುತ್ತದೆ ಎಂಬುದು ನನಗೆ ಗೊತ್ತಿಲ್ಲ. ನೀನು ಹೋಗಿ ನೋಡಿಕೊಂಡು ಬಾ, ನಾನು ಇಳಿಯುತ್ತೇನೆ" ಎಂದರು. ಐವತ್ತು ವರ್ಷದ ಆಸೆಗೆ ಅರ್ಧ ಗಂಟೆ ಬಾಕಿ ಇರುವಾಗ ಬೆನ್ನು ತಿರುಗಿಸುವುದಕ್ಕೆ ಬೇಕಾದ ಗಟ್ಟಿತನ ತುದಿ ಮುಟ್ಟುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚಿನದು ಎಂದು ನಾನು ನಂಬುತ್ತೇನೆ. ಒಬ್ಬರೇ ಇಳಿಯಬಾರದು ಎಂಬುದು ನಮ್ಮ ಇನ್ನೊಂದು ನಿಯಮ. ಮೈದುನರು ಇನ್ನೊಬ್ಬರ ಜೊತೆ ಮೇಲೆ ಹೋದರು. ಟೀಚರ್ ಜೊತೆ ನಾನು, ನರ್ಸಮ್ಮ ಮತ್ತು ಆ ಬಂಡೆಯ ಮೇಲೆಯೇ ಆಡಿ ಬೆಳೆದ ಮಧುಗಿರಿಯ ಹುಡುಗನೊಬ್ಬ ಇಳಿಯತೊಡಗಿದೆವು.

ಬೂಟು

ಹತ್ತಿಪ್ಪತ್ತು ಮಾರು ಇಳಿದಿರಬೇಕು. ಟೀಚರ್ ಬಲಗಾಲು ಎತ್ತಿದಾಗ ಬೂಟಿನ ಅಟ್ಟೆಯ ಮುಂಭಾಗ ಬಾಯಿ ತೆರೆದು ಜೋತುಬಿತ್ತು. ಇನ್ನೆರಡು ಹೆಜ್ಜೆಗೆ ಹಿಮ್ಮಡಿಯೂ ಕಳಚಿತು. ಅಟ್ಟೆಗೂ ಮೇಲ್ಭಾಗಕ್ಕೂ ನಡುವಿನ ಮೆತ್ತನೆಯ ಪದರವನ್ನು ಹುಡುಗ ಬೆರಳಿನಿಂದ ಮುಟ್ಟಿದರೆ ಮುಗ್ಗಿದ ಬೆಲ್ಲದಂತೆ ಅಂಟಂಟಾಗಿ ಪುಡಿಯಾಗಿ ಬಂತು. ಎಡಗಾಲಿನದೂ ಅದೇ ಗತಿಗೆ ಬಂದಿತ್ತು.

ಆ ಬೂಟು ನೋಡಿದವರಿಗೆಲ್ಲ ಹೊಚ್ಚ ಹೊಸದು. ಹೊರದೇಶದಲ್ಲಿರುವ ಮಗಳು ಏಳು ವರ್ಷದ ಹಿಂದೆ ತಂದುಕೊಟ್ಟದ್ದು. ಬೆಲೆಬಾಳುವ ವಸ್ತುವೆಂದು ಟೀಚರ್ ಅದನ್ನು ಪೆಟ್ಟಿಗೆಯಲ್ಲೇ ಜೋಪಾನವಾಗಿಟ್ಟು, ಅಭ್ಯಾಸಕ್ಕೆಲ್ಲ ಸಾದಾ ಕ್ರೀಡಾ ಬೂಟು ಹಾಕಿ, ದೊಡ್ಡ ಬೆಟ್ಟಕ್ಕೆಂದು ಅಂದೇ ಹೊರತೆಗೆದಿದ್ದರು. ಬಹಳಷ್ಟು ಚಾರಣದ ಬೂಟುಗಳ ನಡುಪದರ ಪಾಲಿಯುರೆಥೇನ್ ಎಂಬ ವಸ್ತುವಿನದು. ಗಾಳಿಯಲ್ಲಿನ ತೇವ ಸೇರಿ ವರ್ಷಗಳು ಕಳೆದಂತೆ ಅದು ಒಳಗೊಳಗೇ ಶಿಥಿಲವಾಗುತ್ತದೆ. ಮೆಟ್ಟದೆ ಇಟ್ಟರೂ ಉಳಿಯುವುದಿಲ್ಲ. ಹೊರಗಿನ ಚರ್ಮ, ದಾರ, ಬಣ್ಣ ಎಲ್ಲ ಹೊಸದಾಗಿಯೇ ಕಾಣುತ್ತಿರುತ್ತದೆ.

ಮೊದಲು ಕ್ರೇಪ್ ಬ್ಯಾಂಡೇಜಿನಿಂದ ಅಟ್ಟೆಯನ್ನು ಬಿಗಿದು ಕಟ್ಟಿ ನೋಡಿದೆವು. ನುಣುಪಾದ ಬಂಡೆಯ ಮೇಲೆ ಬಟ್ಟೆ ಜಾರಿತು. ಅದು ಇನ್ನೂ ಕೆಟ್ಟದ್ದು. ಕಾಲುಚೀಲದಲ್ಲಿ ಇಳಿಯುವುದೂ ಹಾಗೇ. ಬರಿಗಾಲೇ ಒಳ್ಳೆಯ ಹಿಡಿತ ಎಂದ ಹುಡುಗ. ಆದರೆ ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬಾರದೆಂದು ಪ್ರತಿಯೊಬ್ಬ ವೈದ್ಯರೂ ಹೇಳುತ್ತಾರೆ. ಗೊತ್ತಾಗದ ಒಂದು ಗೀರು ಹುಣ್ಣಾಗಿ ಬೆಳೆಯಬಹುದು. ನರ್ಸಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಪಾದದ ಪರೀಕ್ಷೆ ಆಗಿದೆಯಲ್ಲ, ಸ್ಪರ್ಶ ಸರಿಯಿದೆ ಎಂದರಲ್ಲ?" ಎಂದು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡರು. ಹುಡುಗ ಅಂಗೈಯನ್ನು ಬಂಡೆಗೆ ಒತ್ತಿ ನೋಡಿದ. ಡಿಸೆಂಬರಿನ ಹತ್ತೂಕಾಲು ಗಂಟೆ, ಬಂಡೆ ಇನ್ನೂ ಬೆಚ್ಚಗಷ್ಟೇ ಇತ್ತು.

ಕಡಿದಾದ ಭಾಗವನ್ನು ಮಾತ್ರ ಬರಿಗಾಲಲ್ಲಿ ಇಳಿಯುವುದು, ಮೆಟ್ಟಿಲು ಸಿಕ್ಕ ಕೂಡಲೇ ಕಾಲುಚೀಲ ಹಾಕಿ ಹುಡುಗನ ಚಪ್ಪಲಿ ಮೆಟ್ಟುವುದು ಎಂದು ಗೊತ್ತುಮಾಡಿದೆವು. ಟೀಚರ್ ಬಂಡೆಗೆ ಮುಖ ಮಾಡಿ, ಏಣಿ ಇಳಿಯುವ ರೀತಿಯಲ್ಲಿ ಹಿಮ್ಮುಖವಾಗಿ ಇಳಿದರು. ಹುಡುಗ ಒಂದು ಹೆಜ್ಜೆ ಕೆಳಗೆ ನಿಂತು ಅವರ ಪಾದವನ್ನು ಕೈಯಿಂದ ಹಿಡಿದು ಒಂದೊಂದೇ ಗುರುತಿನಲ್ಲಿ ಇಡುತ್ತಿದ್ದ. "ಬಲಗಾಲು ಅಮ್ಮ... ಇನ್ನೂ ಸ್ವಲ್ಪ ಕೆಳಗೆ... ಹಾಂ, ಭಾರ ಬಿಡಿ." ಆ ಮಾತಿನ ಲಯಕ್ಕೆ ಅವರ ಉಸಿರೂ ಹದಕ್ಕೆ ಬಂತು. ಮೆಟ್ಟಿಲಿನ ಮೇಲೆ ಕೂರಿಸಿ ನರ್ಸಮ್ಮ ಬೆರಳ ಸಂದುಗಳನ್ನೂ ಬಿಡದೆ ಎರಡೂ ಪಾದ ಪರೀಕ್ಷಿಸಿದರು. ಎಡ ಹಿಮ್ಮಡಿಯ ಬಳಿ ಒಂದು ಸಣ್ಣ ತರಚು, ಅಷ್ಟೇ. ತೊಳೆದು ಮುಲಾಮು ಹಚ್ಚಿದರು.

ಇದೇ ಬೂಟು ತುದಿಯ ಬಯಲು ಬಂಡೆಯ ಮೇಲೆ, ಇನ್ನೊಂದು ಗಂಟೆ ತಡವಾಗಿ, ಸುಸ್ತಾದ ತೊಡೆ ಮತ್ತು ಮುಗಿದ ನೀರಿನ ಜೊತೆ ಕಳಚಿದ್ದರೆ ಈ ಬರಹ ಬೇರೆಯೇ ಆಗಿರುತ್ತಿತ್ತು. ಹತ್ತು ಗಂಟೆಯ ನಿಯಮ ಮಾಡಿದ್ದು ಬಿಸಿಲಿಗಾಗಿ, ಬೂಟಿಗಾಗಿ ಅಲ್ಲ. ಪಾದದ ಪರೀಕ್ಷೆ ಮಾಡಿಸಿದ್ದು ಸಿದ್ದರಬೆಟ್ಟದ ಘಟನೆಯಿಂದಾಗಿ, ಬರಿಗಾಲಲ್ಲಿ ಇಳಿಯುವುದಕ್ಕಲ್ಲ. ಯಾವ ಅಪಾಯ ಬರುತ್ತದೆಂದು ಮೊದಲೇ ಯಾರೂ ಹೇಳಲಾರರು. ಕೈಯಲ್ಲಿ ಸ್ವಲ್ಪ ಸಮಯ, ಸ್ವಲ್ಪ ಶಕ್ತಿ, ತಮ್ಮ ದೇಹದ ಬಗ್ಗೆ ಸ್ವಲ್ಪ ತಿಳಿವಳಿಕೆ ಉಳಿದಿದ್ದರೆ ನಿರೀಕ್ಷಿಸದ ಅಪಾಯಕ್ಕೂ ಅವೇ ಆಗಿಬರುತ್ತವೆ.

ಮನೆಯಲ್ಲಿ

ಸುದ್ದಿ ತಿಳಿದು ಬೆಂಗಳೂರಿನ ಮಗ ಗಾಬರಿಯಾದರು. "ಅಮ್ಮ, ಇನ್ನು ಸಾಕು. ಅಮಾನಿಕೆರೆಯಲ್ಲೇ ನಡೆಯಿರಿ" ಎಂದರು. ಮಕ್ಕಳ ಕಾಳಜಿ ಸಹಜವೇ. ಆದರೆ ಒಂದು ಬೂಟು ಕೆಟ್ಟದ್ದಕ್ಕೆ ಕಾಲನ್ನೇ ಮನೆಯಲ್ಲಿ ಕೂರಿಸಿದರೆ, ತಿಂಗಳುಗಟ್ಟಲೆ ಕಷ್ಟಪಟ್ಟು ಗಳಿಸಿದ ತೊಡೆಯ ಬಲ ಕೆಲವೇ ವಾರಗಳಲ್ಲಿ ಕರಗುತ್ತದೆ. ಬೀಳುವ ಅಪಾಯ ಆಗ ಬಚ್ಚಲುಮನೆಯಲ್ಲಿಯೇ ಹೆಚ್ಚು.

ಟೀಚರ್ ವಾದಕ್ಕಿಳಿಯಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ ತೆಗೆದು ಹಾಳೆಯ ನಡುವೆ ಗೆರೆ ಎಳೆದರು. ಎಡಗಡೆ ಏನು ತಪ್ಪಿತು, ಬಲಗಡೆ ಅದಕ್ಕೆ ಏನು ಪರಿಹಾರ. ಬೂಟು: ಹೊಸದು ತರುವುದು, ಮಂದರಗಿರಿಯಲ್ಲಿ ಮೆಟ್ಟಿ ಪಳಗಿಸುವುದು. ತಡವಾದದ್ದು: ಭಾನುವಾರ ಬಿಟ್ಟು ವಾರದ ನಡುವೆ ಹೋಗುವುದು. ಹೀಗೆ ಪ್ರತಿ ಸಾಲಿಗೂ ಉತ್ತರ ಬರೆದು, ಫೋಟೋ ತೆಗೆದು ಮಗನಿಗೆ ಕಳುಹಿಸಿದರು. ಸಂಜೆ ಮಗನ ಉತ್ತರ ಬಂತು: "ನಾನೂ ರಜೆ ಹಾಕಿ ಬರುತ್ತೇನೆ."

ಎರಡನೆಯ ಸಲ

ಸಂಕ್ರಾಂತಿ ಕಳೆದ ಮೇಲೆ, ವಾರದ ನಡುವಿನ ಒಂದು ದಿನ. ಕಂಬಿಯ ಬಳಿ ಕಾಯುವವರೇ ಇರಲಿಲ್ಲ. ಟೀಚರ್ ಮನೆಯಲ್ಲಿ ಎರಡು ಇಡ್ಲಿ ತಿಂದು ವೈದ್ಯರು ಹೇಳಿದಂತೆ ಮಾತ್ರೆ ತೆಗೆದುಕೊಂಡಿದ್ದರು. ಗಂಟೆಗೊಮ್ಮೆ ಹಸಿವಿರಲಿ ಇಲ್ಲದಿರಲಿ ಒಂದಿಷ್ಟು ಕಡಲೆಬೀಜ, ಖರ್ಜೂರ. ಬಾಯಾರದಿದ್ದರೂ ಗುಟುಕು ನೀರು. ಒಂಬತ್ತೂವರೆಗೆ ಮೊದಲೇ ತುದಿಯಲ್ಲಿದ್ದರು. ಅಲ್ಲಿ ಮೊದಲು ಮಾಡಿದ ಕೆಲಸ ಬೆರಳು ಚುಚ್ಚಿ ಸಕ್ಕರೆ ನೋಡಿದ್ದು: 121. ಆಮೇಲೆ ಗುಡಿಯ ಜಗುಲಿಯಲ್ಲಿ ನಿಂತು ತಮ್ಮ ಹಳ್ಳಿಯ ಕೆರೆ ಯಾವುದೆಂದು ಮಗನಿಗೆ ತೋರಿಸಿದರು. ಇಳಿಯಲು ಹತ್ತಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆತುರ ಮಾಡಲು ಅವರು ಯಾರಿಗೂ ಬಿಡಲಿಲ್ಲ.

ಮೈದುನರು ಆ ಸಲ ಹಿಂದೆ ನಡೆದರು. ಡಿಸೆಂಬರಿನಲ್ಲಿ ತುದಿ ಮುಟ್ಟಿ ಓಡೋಡಿ ಇಳಿದ ಅವರು ಮೂರು ದಿನ ಕಾಲು ಹಿಡಿದುಕೊಂಡು ಮಲಗಿದ್ದರು. ಇಳಿಯುವ ಅಭ್ಯಾಸ ಅವರೀಗ ಅತ್ತಿಗೆಯಿಂದಲೇ ಹೇಳಿಸಿಕೊಳ್ಳುತ್ತಿದ್ದಾರೆ.

ಗುಂಪಿನಲ್ಲಿ ಈಗ ಹೊಸದಾಗಿ ಬರುವವರಿಗೆ ಹೊರಡುವ ಹಿಂದಿನ ವಾರವೇ ಬೂಟು ತರಲು ಹೇಳುತ್ತೇವೆ. ಅಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಬೂಟನ್ನು ನಡುವೆ ಬಗ್ಗಿಸಿ ಬಿರುಕು ಕಾಣುತ್ತದೆಯೇ ನೋಡುತ್ತೇವೆ. ಐದಾರು ವರ್ಷದ ಹಳೆಯದಾದರೆ ಎಷ್ಟೇ ಹೊಸದಾಗಿ ಕಂಡರೂ ಬಂಡೆಗೆ ಬೇಡ. ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆಂಬ ಚೀಟಿ ಅವರವರ ಚೀಲದ ಹೊರಜೇಬಿನಲ್ಲಿರಬೇಕು. ಟೀಚರ್ ಕಣ್ಣು ಈಗ ಚನ್ನರಾಯನದುರ್ಗದ ಮೇಲಿದೆ. ಅಲ್ಲಿ ದಾರಿ ಅಷ್ಟು ಸವೆದಿಲ್ಲ, ಗಿಡಗಂಟಿ ಹೆಚ್ಚು. ಮಳೆ ನಿಂತು ಹುಲ್ಲು ಒಣಗಿದ ಮೇಲೆ, ಆ ಕಡೆಯವರೊಬ್ಬರನ್ನು ಜೊತೆಗಿಟ್ಟುಕೊಂಡು ಮೊದಲು ನಾವಿಬ್ಬರು ಹೋಗಿ ನೋಡಿ ಬರುವುದೆಂದು ಮಾತಾಗಿದೆ.